ವಾಕ್ಯಕ್ಕೆ ಕಿವಿಗೊಡುವ ಮನೆ

ನಮ್ಮ ಗಡಿನಾಡಿನ ಕ್ರೈಸ್ತ ಮನೆಗಳಲ್ಲಿ ರಾತ್ರಿಯ ಊಟಕ್ಕೆ ಮೊದಲು ಕುಟುಂಬ ಪ್ರಾರ್ಥನೆ ನಡೆಯುವುದು ಹಳೆಯ ರೂಢಿ. ಚಾಪೆ ಹಾಸುತ್ತಾರೆ, ಒಂದು ಕೀರ್ತನೆ ಹಾಡುತ್ತಾರೆ, ಸತ್ಯವೇದದ ಒಂದು ಅಧ್ಯಾಯವನ್ನು ಮನೆಯವರಲ್ಲಿ ಒಬ್ಬರು ಓದುತ್ತಾರೆ, ಹಿರಿಯರು ಪ್ರಾರ್ಥಿಸುತ್ತಾರೆ. ಎಲ್ಲವೂ ಸೇರಿ ಇಪ್ಪತ್ತು ನಿಮಿಷ. ಒಲೆಯ ಮೇಲಿನ ಸಾರಿನ ವಾಸನೆ ಬರುತ್ತಿರುವಾಗ ಮಕ್ಕಳ ಮನಸ್ಸು ಅಡುಗೆಮನೆಯ ಕಡೆಗೂ ದೊಡ್ಡವರ ಮನಸ್ಸು ನಾಳಿನ ಕೆಲಸದ ಕಡೆಗೂ ಹರಿದಿರುತ್ತದೆ. ಓದಿದ ಭಾಗ ಯಾವುದೆಂದು ಮರುದಿನ ಬೆಳಗ್ಗೆ ಕೇಳಿದರೆ ಹೇಳಬಲ್ಲವರು ವಿರಳ. ನಾನಂತೂ ಹೇಳಲಾರದವರ ಸಾಲಿನಲ್ಲಿ ಬಹುಕಾಲ ಇದ್ದವನು.

ಓದುವುದು ಬೇರೆ, ಓದಿದ್ದನ್ನು ಒಳಗೆ ಬಿಟ್ಟುಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಅಕ್ಷರಜ್ಞಾನ ಸಾಕು. ಎರಡನೆಯದಕ್ಕೆ ಏನು ಬೇಕು ಎಂಬುದು ಕ್ರೈಸ್ತಸಭೆಯಲ್ಲಿ ಬಹುಹಿಂದಿನಿಂದಲೂ ಕೇಳಿಕೊಂಡು ಬಂದಿರುವ ಪ್ರಶ್ನೆ. ಧರ್ಮಗ್ರಂಥವನ್ನು ಮನೆಯಲ್ಲಿಟ್ಟುಕೊಂಡಿರುವ ಯಾವ ಮತದವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ವಚನಗಳನ್ನು ಬಾಯಿಪಾಠ ಮಾಡಿದವರೂ ಪುರಾಣ ಓದಿಸಿ ಕೇಳಿದವರೂ ಇದನ್ನು ಬಲ್ಲರು. ನಾನು ನನಗೆ ಗೊತ್ತಿರುವ ಮನೆಯ ಮಾತನ್ನಷ್ಟೇ ಹೇಳುತ್ತೇನೆ. ಅದಕ್ಕಾಗಿ ನನ್ನ ಒಂದು ತಪ್ಪನ್ನು ಮೊದಲು ಓದುಗರ ಮುಂದೆ ಇಡಬೇಕಾಗಿದೆ.

ಏಳನೆಯ ತರಗತಿಯ ಓದು

ನಾನು ವಕೀಲ. ನಮ್ಮ ತಂದೆ ಆದವಾನಿ ಸೀಮೆಯ ಒಣಬೇಸಾಯದ ರೈತರು. ಅವರಿಗೆ ಎಂಟು ಎಕರೆ ಸ್ವಂತ ಭೂಮಿಯಿತ್ತು. ಅಣ್ಣ ಐದನೆಯ ತರಗತಿಗೆ ಶಾಲೆ ಬಿಟ್ಟು ತಂದೆಯೊಂದಿಗೆ ಹೊಲಕ್ಕೆ ಇಳಿದನು. ನನ್ನನ್ನು ಓದಿಸಿದರು. ನನ್ನ ಎಲ್‌ಎಲ್‌ಬಿಯ ಖರ್ಚಿಗೆಂದು ತಂದೆ ಎರಡು ಎಕರೆ ಮಾರಿದರು. ತಂದೆತಾಯಿ ಇಬ್ಬರೂ ತೀರಿದ ಮೇಲೆ ಉಳಿದ ಆರು ಎಕರೆಯನ್ನು ಸರಿಪಾಲು ಮಾಡಬೇಕೆಂದು ನಾನು ಕೇಳಿದೆನು. ಮಾರಿದ ಎರಡು ಎಕರೆಯನ್ನೂ ನನ್ನ ಲೆಕ್ಕಕ್ಕೆ ಹಿಡಿಯಬೇಕೆಂದು ಅಣ್ಣ ಹೇಳಿದನು. ಮಾತು ಬೆಳೆಯಿತು. ನಾನು ವಿಭಾಗದ ದಾವೆ ಹೂಡಿದೆನು.

ಕಾನೂನು ನನ್ನ ಪರವಾಗಿತ್ತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 49ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಉಯಿಲು ಬರೆಯದೆ ತೀರಿಕೊಂಡವರು ತಮ್ಮ ಜೀವಿತಕಾಲದಲ್ಲಿ ಒಬ್ಬ ಮಗನ ಏಳಿಗೆಗಾಗಿ ಕೊಟ್ಟ ಹಣವನ್ನಾಗಲಿ ಆಸ್ತಿಯನ್ನಾಗಲಿ, ಆ ಮಗನ ಪಾಲನ್ನು ಎಣಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಅಣ್ಣನ ವಾದಕ್ಕೆ ಈ ಒಂದು ಕಲಮೇ ಸಾಕಾದ ಉತ್ತರವಾಗಿತ್ತು. ನಾಲ್ಕು ವರ್ಷ ವಾಯಿದೆಯ ಮೇಲೆ ವಾಯಿದೆ ಬಿದ್ದರೂ ಗೆಲುವು ನನ್ನದೇ ಎಂಬ ನೆಮ್ಮದಿಯಲ್ಲಿ ನಾನಿದ್ದೆನು. ಈ ನಾಲ್ಕು ವರ್ಷಗಳಲ್ಲಿ ಒಂದು ಭಾನುವಾರವೂ ಆರಾಧನೆಯನ್ನು ತಪ್ಪಿಸಲಿಲ್ಲ. ಅಣ್ಣನೂ ತಪ್ಪಿಸಲಿಲ್ಲ. ಇಬ್ಬರೂ ಒಂದೇ ಚರ್ಚಿನಲ್ಲಿ ಬೇರೆ ಬೇರೆ ಬಾಗಿಲಿನಿಂದ ಹೊರಬರುತ್ತಿದ್ದೆವು.

ಒಂದು ರಾತ್ರಿ ಮನೆ ಪ್ರಾರ್ಥನೆಯಲ್ಲಿ ಓದುವ ಸರದಿ ಮಗಳದು. ಅವಳು ಆಗ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ. ನನ್ನ ತಾಯಿಯ ಹಳೆಯ ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯವನ್ನು ಓದುತ್ತಿದ್ದಳು. ಹಳೆಯ ಅಚ್ಚಿನ ಒತ್ತಕ್ಷರಗಳ ಬಳಿ ತಡೆದು ತಡೆದು ಓದುವ ಅಭ್ಯಾಸ ಅವಳದು. ನನ್ನ ಪಕ್ಕದಲ್ಲಿ ಮರುದಿನದ ವಾದದ ಟಿಪ್ಪಣಿಗಳಿದ್ದವು. ಕಿವಿ ಓದಿನ ಕಡೆಗೆ, ಕಣ್ಣು ಟಿಪ್ಪಣಿಯ ಕಡೆಗೆ.

ಯಜ್ಞವೇದಿಯ ಬಳಿಗೆ ಕಾಣಿಕೆ ತಂದವನನ್ನು ಕುರಿತ ಮಾತು ಅಲ್ಲಿ ಬರುತ್ತದೆ. ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಸಹೋದರನೊಂದಿಗೆ ಒಂದಾಗಿ, ಆಮೇಲೆ ಬಂದು ಕಾಣಿಕೆಯನ್ನು ಅರ್ಪಿಸಬೇಕು ಎಂಬುದು ಅದರ ತಾತ್ಪರ್ಯ. ಚಿಕ್ಕಂದಿನಿಂದ ನನಗೆ ಬಾಯಿಗೆ ಬರುವ ಭಾಗ. ಅದರ ಬೆನ್ನಿಗೇ, ಎದುರಾಳಿಯೊಂದಿಗೆ ನ್ಯಾಯಾಲಯದ ದಾರಿಯಲ್ಲಿರುವಾಗಲೇ ಬೇಗನೆ ರಾಜಿಯಾಗು ಎಂಬ ಬುದ್ಧಿವಾದವೂ ಇದೆ. ಅದನ್ನು ನನ್ನ ಕಕ್ಷಿದಾರರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ.

ಮಗಳು ಒಂದು ಕಡೆ ನಿಂತು, ಹಿಂದಕ್ಕೆ ಹೋಗಿ ಆ ವಾಕ್ಯವನ್ನು ಮತ್ತೊಮ್ಮೆ ಓದಿದಳು. ಆಮೇಲೆ ತಲೆಯೆತ್ತಿ ಕೇಳಿದಳು: “ಅಪ್ಪಾ, ಇಲ್ಲಿ ಸಿಟ್ಟು ಇರೋದು ಕಾಣಿಕೆ ತಂದವನಿಗಲ್ಲ, ಅವನ ಅಣ್ಣತಮ್ಮನಿಗೆ. ಹಂಗಾದ್ರೆ ಇವನ್ಯಾಕೆ ಹೋಗಬೇಕು?”

ನಾನು ಟಿಪ್ಪಣಿಯನ್ನು ಕೆಳಗಿಟ್ಟು ಪುಸ್ತಕವನ್ನು ತೆಗೆದುಕೊಂಡು ನೋಡಿದೆನು. ಅವಳು ಹೇಳಿದ್ದು ನಿಜವಾಗಿತ್ತು. ನಿನ್ನ ಸಹೋದರನ ಮೇಲೆ ನಿನಗೆ ದೂರಿದ್ದರೆ ಎಂದು ಅಲ್ಲಿಲ್ಲ. ನಿನ್ನ ಮೇಲೆ ಅವನಿಗೆ ಏನಾದರೂ ಇದೆ ಎಂದು ನಿನಗೆ ನೆನಪಾದರೆ ಎಂದಿದೆ. ನಲವತ್ತು ವರ್ಷ ಆ ಮಾತನ್ನು ನಾನು ತಿರುವುಮುರುವಾಗಿ ಕೇಳಿಸಿಕೊಂಡಿದ್ದೆನು. ನನ್ನ ದೂರಿನ ಪಟ್ಟಿ ನನ್ನ ಬಳಿ ಸಿದ್ಧವಾಗಿತ್ತು. ಅಣ್ಣನಿಗೆ ನನ್ನ ಮೇಲೆ ಏನಿದೆ ಎಂದು ಒಮ್ಮೆಯೂ ಎಣಿಸಿ ನೋಡಿರಲಿಲ್ಲ. ದಿನವೂ ದಸ್ತಾವೇಜುಗಳ ಅಕ್ಷರ ಅಕ್ಷರವನ್ನು ಜಾಲಾಡುವ ವೃತ್ತಿಯವನಿಗೆ ಒಂದು ಸಾಲಿನಲ್ಲಿ ಯಾರ ಮೇಲೆ ಯಾರಿಗೆ ಎಂಬುದೇ ತಿಳಿದಿರಲಿಲ್ಲ.

ತುಳಿದು ಗಟ್ಟಿಯಾದ ನೆಲ

ಆ ರಾತ್ರಿ ನನಗೆ ಬಿತ್ತುವವನ ಸಾಮ್ಯ ನೆನಪಾಯಿತು. ಮತ್ತಾಯನ 13ನೆಯ, ಮಾರ್ಕನ 4ನೆಯ ಮತ್ತು ಲೂಕನ 8ನೆಯ ಅಧ್ಯಾಯಗಳಲ್ಲಿ ಅದು ಬರುತ್ತದೆ. ಬಿತ್ತುವವನು ಕೈಯಿಂದ ಬೀಜ ಎರಚುತ್ತಾ ಹೋಗುತ್ತಾನೆ. ಕೆಲವು ಕಾಲುದಾರಿಯ ಮೇಲೆ ಬಿದ್ದು ಹಕ್ಕಿಗಳ ಪಾಲಾಗುತ್ತವೆ. ಕೆಲವು ತೆಳುಮಣ್ಣಿನ ಬಂಡೆಯ ಮೇಲೆ ಬಿದ್ದು ಬೇಗ ಮೊಳೆತು ಬಿಸಿಲಿಗೆ ಬಾಡುತ್ತವೆ. ಕೆಲವನ್ನು ಮುಳ್ಳುಗಿಡಗಳು ಅಡಗಿಸುತ್ತವೆ. ಒಳ್ಳೆಯ ನೆಲದಲ್ಲಿ ಬಿದ್ದದ್ದು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲ ಕೊಡುತ್ತದೆ. ಬೀಜವೆಂದರೆ ವಾಕ್ಯ, ನೆಲವೆಂದರೆ ಕೇಳುವವರ ಹೃದಯ ಎಂದು ಯೇಸುವೇ ಬಿಡಿಸಿ ಹೇಳುತ್ತಾನೆ.

ನಮ್ಮ ಕಡೆಯ ರೈತರು ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುವವರು. ದಾರಿಯ ಮೇಲೆ ಬೀಜ ಚೆಲ್ಲುವ ಈ ಬಿತ್ತುವವನನ್ನು ಕಂಡರೆ ನಮ್ಮ ತಂದೆ ನಗುತ್ತಿದ್ದರೇನೋ. ಆದರೆ ಆ ನಾಲ್ಕು ಬಗೆಯ ನೆಲಗಳನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೊಲಕ್ಕೆ ಹೋಗುವ ಕಾಲುದಾರಿಯ ಮಣ್ಣೂ ಪಕ್ಕದ ಹೊಲದ ಮಣ್ಣೂ ಒಂದೇ ಎರೆಮಣ್ಣು. ದಿನವೂ ತುಳಿದು ತುಳಿದು ಅದು ಗಟ್ಟಿಯಾಗಿದೆ, ಅಷ್ಟೇ. ಬೀಜವನ್ನು ಒಳಗೆ ಬಿಡದಿರುವುದು ಆ ಮಣ್ಣಿನ ಹುಟ್ಟುಗುಣವಲ್ಲ, ಓಡಾಟದ ಫಲ.

ಹುಟ್ಟುಕ್ರೈಸ್ತರಾದ ನಮ್ಮ ಕಷ್ಟ ಇದೇ. ವಾಕ್ಯ ನಮಗೆ ಅಪರಿಚಿತವಲ್ಲ, ಅತಿಪರಿಚಿತ. ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿ ಬಹುಮಾನ ಪಡೆದಿದ್ದೇವೆ, ಮದುವೆಯ ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದೇವೆ, ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದರಂತೆ ನೋಡುತ್ತೇವೆ. ಮೊದಲ ಎರಡು ಪದ ಕಿವಿಗೆ ಬಿದ್ದೊಡನೆ ಉಳಿದದ್ದನ್ನು ಮನಸ್ಸು ತಾನೇ ತುಂಬಿಕೊಂಡು ಮುಂದಕ್ಕೆ ಓಡುತ್ತದೆ. ಹೀಗೆ ತುಂಬಿಕೊಳ್ಳುವಾಗಲೇ ನನ್ನಂಥವರು ಸಾಲನ್ನು ತಮಗೆ ಅನುಕೂಲವಾಗುವಂತೆ ತಿರುಗಿಸಿಬಿಡುತ್ತಾರೆ.

ಮುಳ್ಳಿನ ಮಾತು ನಮಗೆ ಇನ್ನೂ ಹತ್ತಿರದ್ದು. ಬಳ್ಳಾರಿ ಜಾಲಿ ಒಮ್ಮೆ ಬದುವಿನ ಮೇಲೆ ಬೇರೂರಿತೆಂದರೆ ಕಡಿದಷ್ಟೂ ಚಿಗುರುತ್ತದೆ. ಪ್ರಪಂಚದ ಚಿಂತೆಯೂ ಐಶ್ವರ್ಯದ ಮೋಹವೂ ವಾಕ್ಯವನ್ನು ಅಡಗಿಸುತ್ತವೆ ಎಂದು ಸಾಮ್ಯದ ವಿವರಣೆ ಹೇಳುತ್ತದೆ. ಮೂರು ಎಕರೆಯ ಚಿಂತೆ ನಾಲ್ಕು ವರ್ಷದಲ್ಲಿ ನನ್ನೊಳಗೆ ಎಷ್ಟು ದೂರ ಬೇರು ಬಿಟ್ಟಿತ್ತೆಂದು ನನಗೆ ಆ ರಾತ್ರಿ ತಿಳಿಯಿತು.

ಒಳ್ಳೆಯ ನೆಲ ತಾನಾಗಿಯೇ ಒಳ್ಳೆಯದಾಗಿ ಉಳಿಯುವುದಿಲ್ಲವೆಂದು ರೈತರು ಬಲ್ಲರು. ಬೇಸಿಗೆಯಲ್ಲಿ ನೇಗಿಲು ಹೂಡಬೇಕು, ಮೊದಲ ಮಳೆ ಬಿದ್ದಾಗ ಕುಂಟೆ ಹೊಡೆಯಬೇಕು, ಗರಿಕೆ ಕೀಳಬೇಕು. ಹೃದಯಕ್ಕೂ ವರ್ಷ ವರ್ಷ ಈ ಆರಂಬ ತಪ್ಪದು.

ವ್ಯಾಖ್ಯೆ ಕೇಳಿದ ಪಂಡಿತ

ಲೂಕನ 10ನೆಯ ಅಧ್ಯಾಯದಲ್ಲಿ ನಮ್ಮ ವೃತ್ತಿಗೆ ಹತ್ತಿರದವನೊಬ್ಬನು ಬರುತ್ತಾನೆ, ಧರ್ಮಶಾಸ್ತ್ರ ಪಂಡಿತ. ನಿತ್ಯಜೀವಕ್ಕೆ ಬಾಧ್ಯನಾಗಲು ಏನು ಮಾಡಬೇಕೆಂದು ಯೇಸುವನ್ನು ಪರೀಕ್ಷಿಸುವುದಕ್ಕಾಗಿ ಕೇಳುತ್ತಾನೆ. ಧರ್ಮಶಾಸ್ತ್ರದಲ್ಲಿ ಏನಿದೆ, ಅದನ್ನು ನೀನು ಓದಿದ ಬಗೆ ಹೇಗೆ ಎಂದು ಯೇಸು ತಿರುಗಿ ವಿಚಾರಿಸುತ್ತಾನೆ. ದೇವರನ್ನು ಪೂರ್ಣಹೃದಯದಿಂದ ಪ್ರೀತಿಸಬೇಕು, ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕು ಎಂದು ಪಂಡಿತನು ತಪ್ಪಿಲ್ಲದೆ ಒಪ್ಪಿಸುತ್ತಾನೆ. ಸರಿಯಾಗಿ ಹೇಳಿದೆ, ಅದರಂತೆ ಮಾಡು ಎಂಬ ಉತ್ತರ ಬರುತ್ತದೆ.

ಪಂಡಿತನು ಅಲ್ಲಿಗೆ ನಿಲ್ಲಿಸಲಿಲ್ಲ. ತನ್ನನ್ನು ನೀತಿವಂತನೆಂದು ತೋರಿಸಿಕೊಳ್ಳಲು ಬಯಸಿ, ನೆರೆಯವನೆಂದರೆ ಯಾರು ಎಂದು ಕೇಳಿದನು. ಈ ಪ್ರಶ್ನೆಯ ಜಾತಕ ವಕೀಲರಿಗೆ ಚೆನ್ನಾಗಿ ಗೊತ್ತು. ಯಾವ ಕಾಯಿದೆಯನ್ನು ತೆರೆದರೂ ಮೊದಲ ಪುಟಗಳಲ್ಲೇ ಪದಗಳ ವ್ಯಾಖ್ಯೆಗಳಿರುತ್ತವೆ. ಕಕ್ಷಿದಾರನಿಗೆ ಇಷ್ಟವಿಲ್ಲದ ಹೊಣೆಯಿಂದ ಅವನನ್ನು ಬಿಡಿಸಬೇಕಾದರೆ ನಾವು ಮೊದಲು ನೋಡುವುದೇ ಅಲ್ಲಿ. ಪದದ ಅರ್ಥ ಕಿರಿದಾದಷ್ಟೂ ಹೊಣೆ ಕಿರಿದಾಗುತ್ತದೆ. ನೆರೆಯವನು ಎಂಬ ಪದಕ್ಕೆ ಪಂಡಿತನು ಒಂದು ಬೇಲಿ ಹುಡುಕುತ್ತಿದ್ದನು.

ಯೇಸು ವ್ಯಾಖ್ಯೆ ಕೊಡಲಿಲ್ಲ, ಕಥೆ ಹೇಳಿದನು. ಕಳ್ಳರು ಬಡಿದು ಕೆಡವಿದವನೊಬ್ಬನು ದಾರಿಯಲ್ಲಿ ಬಿದ್ದಿದ್ದಾನೆ. ಯಾಜಕನೂ ಲೇವಿಯನೂ ಓರೆಯಾಗಿ ಹೋಗಿಬಿಟ್ಟರು. ಯೆಹೂದ್ಯರು ಹೊರಗಿನವನೆಂದು ದೂರ ಇಡುತ್ತಿದ್ದ ಸಮಾರ್ಯದವನು ಗಾಯ ಕಟ್ಟಿ ಕರೆದುಕೊಂಡು ಹೋದನು. ಕೊನೆಯಲ್ಲಿ ಯೇಸು ಕೇಳಿದ ಪ್ರಶ್ನೆಯೇ ಬೇರೆ: ಈ ಮೂವರಲ್ಲಿ ನೆರೆಯವನಾದವನು ಯಾರು? ನನ್ನ ನೆರೆಯವನು ಯಾರು ಎಂದು ಬಂದವನು, ನಾನು ಯಾರಿಗೆ ನೆರೆಯವನಾಗಿದ್ದೇನೆ ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಹೋಗಬೇಕಾಯಿತು.

ವಾಕ್ಯಕ್ಕೆ ತೆರೆದುಕೊಳ್ಳುವುದೆಂದರೆ ನನ್ನ ಎಣಿಕೆಯಲ್ಲಿ ಇದೇ. ನಮ್ಮ ಪ್ರಶ್ನೆಯನ್ನು ಹಿಡಿದು ಗ್ರಂಥದ ಬಳಿಗೆ ಹೋಗುತ್ತೇವೆ. ಅದು ತನ್ನ ಪ್ರಶ್ನೆಯನ್ನು ನಮ್ಮ ಕೈಗೆ ಕೊಡಲು ಎಡೆಮಾಡಬೇಕು. ಕಾನೂನು ಪುಸ್ತಕವನ್ನು ನಾನು ಓದುವುದು ನನ್ನ ಪಕ್ಷಕ್ಕೆ ಆಧಾರ ಹುಡುಕಲು. ಅದು ನನ್ನ ಕೆಲಸ, ಅದರಲ್ಲಿ ದೋಷವಿಲ್ಲ. ಆದರೆ ಸತ್ಯವೇದವನ್ನೂ ಅದೇ ಕಣ್ಣಿನಿಂದ ಓದತೊಡಗಿದರೆ ಅಲ್ಲಿ ನಾನು ಸದಾ ವಾದಿಯೇ. ಪ್ರತಿವಾದಿಯ ಕಟ್ಟೆಯಲ್ಲಿ ಒಮ್ಮೆಯೂ ನಿಲ್ಲುವುದಿಲ್ಲ.

ಪರೀಕ್ಷಿಸಿ ಸ್ವೀಕರಿಸುವುದು

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಹೃದಯವನ್ನು ತೆರೆದಿಡುವುದೆಂದರೆ ಬುದ್ಧಿಯನ್ನು ಮುಚ್ಚುವುದೆಂದು ತಿಳಿಯಬಾರದು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ಬೆರೋಯ ಎಂಬ ಊರಿನವರನ್ನು ಹೊಗಳಲಾಗಿದೆ. ಹೊಗಳಿಕೆಗೆ ಕಾರಣ ಎರಡು: ಅವರು ಪೌಲನ ಬೋಧನೆಯನ್ನು ಬಹು ಆಸಕ್ತಿಯಿಂದ ಅಂಗೀಕರಿಸಿದರು, ಅದು ಹೌದೋ ಅಲ್ಲವೋ ಎಂದು ದಿನದಿನವೂ ಶಾಸ್ತ್ರಗ್ರಂಥಗಳನ್ನು ಶೋಧಿಸಿದರು. ಆಸಕ್ತಿಯೂ ಶೋಧನೆಯೂ ಒಂದೇ ಜನರಲ್ಲಿ ಒಟ್ಟಿಗೆ ಇದ್ದವು. ನನ್ನ ಮಗಳು ಕೇಳಿದ ಪ್ರಶ್ನೆಯೂ ಆ ಬಗೆಯದೇ. ಅವಳು ಪ್ರಶ್ನಿಸದಿದ್ದರೆ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಎರಡನೆಯದಾಗಿ, ವಾಕ್ಯ ಮೊದಲು ತಟ್ಟಬೇಕಾದುದು ಓದಿದವನ ಎದೆಯನ್ನು. ಅದನ್ನು ಮತ್ತೊಬ್ಬರ ಬಾಯಿ ಮುಚ್ಚಿಸಲು ಬಳಸುವುದನ್ನು ನ್ಯಾಯಾಲಯದ ಆವರಣದಲ್ಲಿ ನಾನು ಕಂಡಿದ್ದೇನೆ. ಹೊಡೆತ ತಿಂದು ಬಂದ ಹೆಂಡತಿಗೆ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂದು ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯವನ್ನು ಗಂಡನ ಕಡೆಯ ಹಿರಿಯರು ನೆನಪಿಸುತ್ತಾರೆ. ಅದೇ ಅಧ್ಯಾಯದಲ್ಲಿ, ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕೆಂದು ಇರುವುದನ್ನು ಆ ಗಂಡನಿಗೆ ಯಾರೂ ಓದಿ ಹೇಳಿರುವುದಿಲ್ಲ. ಕೂಲಿ ಕೊಡದೆ ಸತಾಯಿಸಿದವನು, ಕೂಲಿ ಕೇಳಿದವನಿಗೆ ಕ್ಷಮೆಯ ಪಾಠ ಹೇಳುವುದೂ ಇದೇ ಜಾತಿಯದು. ಅನ್ಯಾಯಕ್ಕೊಳಗಾದವರು ನ್ಯಾಯಾಲಯದ ಮೆಟ್ಟಿಲೇರುವುದು ಪಾಪವಲ್ಲ. ಅವರಿಗಾಗಿಯೇ ಆ ಮೆಟ್ಟಿಲುಗಳಿವೆ. ಕಾಣಿಕೆ ಬಿಟ್ಟು ಎದ್ದು ಹೋಗಬೇಕಾದವನು ಯಾರು ಎಂಬುದನ್ನು ಆ ವಾಕ್ಯವೇ ಹೇಳುತ್ತದೆ: ಯಾರ ಮೇಲೆ ದೂರಿದೆಯೋ ಅವನು.

ಬಳ್ಳಾರಿಯಲ್ಲಿ ಕನ್ನಡವಾದ ವಾಕ್ಯ

ನಮ್ಮ ದಾವೆಯ ಕಾಗದಗಳು ಇಂಗ್ಲಿಷಿನಲ್ಲಿದ್ದವು. ಸಾಕ್ಷಿಗಳು ತೆಲುಗಿನಲ್ಲಿ ಹೇಳಿಕೆ ಕೊಡುತ್ತಿದ್ದರು. ಅಡಂಗಲ್ಲಿನ ನಕಲೂ ತೆಲುಗಿನದೇ. ಆದರೆ ಅಣ್ಣನೂ ನಾನೂ ಜಗಳವಾಡಿದ್ದು ಕನ್ನಡದಲ್ಲಿ. ಜಗಳದ ಬೇರು ಇದ್ದ ಭಾಷೆಯಲ್ಲೇ ಆ ಮಾತು ನನ್ನನ್ನು ಮುಟ್ಟಬೇಕಾಗಿತ್ತು. ಅದನ್ನೇ ಇಂಗ್ಲಿಷಿನಲ್ಲಿ ನಾನು ಎಷ್ಟೋ ಸಲ ಓದಿದ್ದೆನು. ಅಲ್ಲಿ ಅದು ಪಾಠವಾಗಿ ಉಳಿದಿತ್ತು.

ಈ ಕನ್ನಡ ವಾಕ್ಯ ನಮ್ಮ ಕೈಗೆ ಬಂದ ದಾರಿ ನಮ್ಮ ಸೀಮೆಯ ಮೂಲಕವೇ ಹಾದುಬಂದಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಕನ್ನಡ ನಿಘಂಟನ್ನು ರಚಿಸಿದ ವಿಲಿಯಂ ರೀವ್ ಅವರೂ ಈ ಕೆಲಸದಲ್ಲಿ ಜೊತೆಗೂಡಿದರು. 1831ರ ಹೊತ್ತಿಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ಆಗ ಆದವಾನಿ, ಆಲೂರು, ರಾಯದುರ್ಗಗಳೆಲ್ಲ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ತಾಲೂಕುಗಳು ಇತ್ತ ಉಳಿದವು, ಬಳ್ಳಾರಿ ಮೈಸೂರಿಗೆ ಸೇರಿತು. ಗಡಿ ಬದಲಾದರೂ ತಾಯಂದಿರ ತಲೆದೆಸೆಯಲ್ಲಿದ್ದ ಸತ್ಯವೇದ ಬದಲಾಗಲಿಲ್ಲ.

ಕಾಸರಗೋಡಿನ ಓದುಗರಿಗೆ ಇದೇ ಕಥೆಯ ಇನ್ನೊಂದು ಕವಲು ಗೊತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುದ್ರಣಾಲಯವನ್ನು ತೆರೆದರು. ಮೋಗ್ಲಿಂಗ್ ಮತ್ತು ವೈಗ್ಲೆ ಅವರು ಕನ್ನಡ ಅನುವಾದವನ್ನು ತಿದ್ದುವ ಕೆಲಸದಲ್ಲಿ ತೊಡಗಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ ಆ ಮೋಗ್ಲಿಂಗರೇ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಕಥೋಲಿಕ ಸಭೆಯಲ್ಲಿ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆ ಜನಭಾಷೆಗಳಿಗೆ ಬಂದಿತು. ಶ್ರೀಗ್ರಂಥ ಎಲ್ಲ ವಿಶ್ವಾಸಿಗಳ ಕೈಗೆ ಸುಲಭವಾಗಿ ಸಿಗಬೇಕೆಂದು ಆ ಮಹಾಸಭೆಯೇ ವಿಧಿಸಿತು.

ಅಷ್ಟು ದೂರದಿಂದ ಬಂದ ಪುಸ್ತಕ ನಮ್ಮ ಮನೆಯ ಗೂಡಿನಲ್ಲಿದೆ. ಅದನ್ನು ಓದಬಲ್ಲ ಮಗು ಮನೆಯಲ್ಲಿ ಇದೆಯೇ ಎಂಬುದು ಈಗಿನ ಪ್ರಶ್ನೆ. ಭಾಷಾ ಅಲ್ಪಸಂಖ್ಯಾತ ಗುಂಪುಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸಾಕಷ್ಟು ಸೌಕರ್ಯವನ್ನು ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. ಕಾಗದದ ಮೇಲಿನ ಈ ಮಾತಿಗೆ ನೆಲದ ಮೇಲೆ ಬೆಲೆ ಬರುವುದು ನಾವು ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದಾಗ. ನನ್ನ ಬಂಧುಗಳ ಮನೆಗಳಲ್ಲಿ ಅಜ್ಜಿಯ ಸತ್ಯವೇದವನ್ನು ಬಟ್ಟೆಯಲ್ಲಿ ಸುತ್ತಿ ಭಕ್ತಿಯಿಂದ ಇಟ್ಟಿದ್ದಾರೆ; ಬಿಚ್ಚಿ ಓದಲು ಮೊಮ್ಮಕ್ಕಳಿಗೆ ಅಕ್ಷರ ಬಾರದು. ನನ್ನ ಮಗಳನ್ನು ಕನ್ನಡ ಮಾಧ್ಯಮದಲ್ಲಿ ಹಾಕಿದಾಗ ಎಷ್ಟೋ ಮಂದಿ ವಕೀಲಮಿತ್ರರು ನನಗೆ ಬುದ್ಧಿ ಹೇಳಿದ್ದರು. ಆ ರಾತ್ರಿ ಅವಳಿಗೆ ಆ ಹಳೆಯ ಅಚ್ಚನ್ನು ಓದಲು ಬಾರದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಮನೆಯಲ್ಲಿ ಓದುವ ಬಗೆ

ಹಾಗಾದರೆ ಮನೆಯಲ್ಲಿ ಹೇಗೆ ಓದಬೇಕು? ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಇದಕ್ಕೊಂದು ಮಾದರಿಯಿದೆ. ಸೆರೆಯಿಂದ ಹಿಂದಿರುಗಿದ ಜನರು ಯೆರೂಸಲೇಮಿನ ನೀರುಬಾಗಿಲಿನ ಎದುರಿಗೆ ಕೂಡಿದರು. ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದನು. ಗಂಡಸರು, ಹೆಂಗಸರು, ಗ್ರಹಿಸಬಲ್ಲವರೆಲ್ಲರೂ ಅಲ್ಲಿದ್ದರು. ಲೇವಿಯರು ಅದನ್ನು ಸ್ಪಷ್ಟವಾಗಿ ಓದಿ, ಅರ್ಥ ಬಿಡಿಸಿ ಹೇಳಿದರು. ಕೇಳಿದ ಜನರು ಅತ್ತರು. ಗಟ್ಟಿಯಾಗಿ ಓದುವುದು, ಎಲ್ಲರೂ ಕೂಡಿ ಕೇಳುವುದು, ಅರ್ಥವನ್ನು ವಿಚಾರಿಸುವುದು: ಈ ಮೂರೂ ನಮ್ಮ ಚಾಪೆಯ ಮೇಲೆ ಸಾಧ್ಯ.

ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಗುಯಿಗೋ ಎಂಬ ಕಾರ್ಥೂಸಿಯನ್ ಸನ್ಯಾಸಿ ಈ ಓದಿಗೆ ನಾಲ್ಕು ಮೆಟ್ಟಿಲ ಏಣಿಯನ್ನು ತೋರಿಸಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. ಓದು ತುತ್ತನ್ನು ಬಾಯಿಗೆ ಇಡುತ್ತದೆ, ಮನನ ಅದನ್ನು ಅಗಿಯುತ್ತದೆ ಎಂಬ ಅರ್ಥದಲ್ಲಿ ಅವರು ಹೋಲಿಸಿದ್ದಾರೆ. ಕನ್ನಡದಲ್ಲಿ ನಮಗೆ ಇದಕ್ಕೆ ಸಿದ್ಧವಾದ ಮಾತೇ ಇದೆ, ಮೆಲುಕು ಹಾಕುವುದು. ಹಗಲೆಲ್ಲ ಮೇದ ಹಸು ಸಂಜೆ ಕೊಟ್ಟಿಗೆಯಲ್ಲಿ ಮಲಗಿ ಮಾಡುವ ಕೆಲಸ ಅದು. ನಾವು ಮೇಯುತ್ತೇವೆ, ಮೆಲುಕು ಹಾಕುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಕೆಲವು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ಇಡೀ ಅಧ್ಯಾಯದ ಬದಲು ಹತ್ತು ಹನ್ನೆರಡು ವಾಕ್ಯ ಸಾಕು. ಓದುವವರು ಮಕ್ಕಳು, ಅವರು ತಡೆದು ಓದಿದರೆ ಅವಸರಪಡಿಸುವಂತಿಲ್ಲ, ಆ ತಡೆಯೇ ದೊಡ್ಡವರಿಗೆ ಉಪಕಾರ. ಅದೇ ಭಾಗವನ್ನು ಎರಡನೆಯ ಸಲ ಇನ್ನೊಬ್ಬರು ಓದುತ್ತಾರೆ. ಆಮೇಲೆ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಮೊಬೈಲು ಬೇರೆ ಕೋಣೆಯಲ್ಲಿರುತ್ತದೆ. ಬಳಿಕ ಯಾರು ಬೇಕಾದರೂ ಒಂದು ಪ್ರಶ್ನೆ ಕೇಳಬಹುದು, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳಬೇಕು. ಸಭಾಪಾಲಕರನ್ನು ಕೇಳಬೇಕಾದ ಪ್ರಶ್ನೆಗಳನ್ನು ಮಗಳು ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ. ಓದಿದ್ದನ್ನು ಮತ್ತೊಬ್ಬರ ತಪ್ಪಿಗೆ ಹೋಲಿಸಿ ಮಾತಾಡುವುದು ಮಾತ್ರ ನಿಷಿದ್ಧ. ಈ ಕೊನೆಯ ನಿಯಮ ಎಲ್ಲರಿಗಿಂತ ನನಗೇ ಹೆಚ್ಚು ಕಷ್ಟ.

ಇದಕ್ಕೆಲ್ಲ ಮುಗಿಲಾಗಿ ಯಾಕೋಬನ ಪತ್ರದ 1ನೆಯ ಅಧ್ಯಾಯದ ಹೋಲಿಕೆಯಿದೆ. ವಾಕ್ಯವನ್ನು ಕೇಳಿ ಅದರಂತೆ ನಡೆಯದವನು, ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ತಾನು ಹೇಗಿದ್ದೇನೆಂದು ಆ ಕ್ಷಣವೇ ಮರೆತುಬಿಡುವವನಂತೆ ಎಂದು ಆತನು ಹೇಳುತ್ತಾನೆ. ಕೇಳಿದ್ದು ಕಾಲಿಗೆ ಇಳಿಯಬೇಕು.

ಅಣ್ಣನ ಕಟ್ಟೆಯ ಮೇಲೆ

ನನಗೆ ಅದು ಕಾಲಿಗೆ ಇಳಿಯಲು ಹನ್ನೊಂದು ದಿನ ಬೇಕಾದವು. ವಾದಕ್ಕೆ ವಾಯಿದೆ ಕೇಳಿದೆನು. ಪ್ರಭುಭೋಜನದ ಭಾನುವಾರದ ಹಿಂದಿನ ಸಂಜೆ ಅಣ್ಣನ ಮನೆಗೆ ನಡೆದು ಹೋದೆನು. ಅವನು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದನು. ತಲೆ ಎತ್ತದೆ ಹೇಳಿದನು: “ಕೇಸು ನಡೀತಾ ಐತಲ್ಲಪ್ಪ, ಅಲ್ಲೇ ಮಾತಾಡಣ.”

ನಾನು ಕಟ್ಟೆಯ ತುದಿಯಲ್ಲಿ ಕುಳಿತೆನು. ಅತ್ತಿಗೆ ಒಂದು ಚೆಂಬು ನೀರು ತಂದಿಟ್ಟು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ನಾನು ಹೇಳಿದೆನು: “ಅಣ್ಣಾ, ಆ ಎರಡೆಕರೆ ನನ್ನ ಲೆಕ್ಕಕ್ಕೇ ಬರಲಿ. ನೀನು ಹೇಳಿದ್ದೇ ಸರಿ.”

ಅವನು ಏನೂ ಹೇಳಲಿಲ್ಲ. ನಾನು ಎದ್ದು ಬಂದೆನು. ಮರುದಿನ ಚರ್ಚಿನಲ್ಲಿಯೂ ಮಾತಾಡಲಿಲ್ಲ. ಎರಡು ವಾರದ ಮೇಲೆ ಅವನ ಮಗ ಬಂದು, “ಚಿಕ್ಕಪ್ಪಾ, ಅಪ್ಪ ಕರೀತಾನೆ” ಎಂದನು. ಹೋದಾಗ ಅಣ್ಣ ಎಕರೆಯ ಮಾತೆತ್ತಲಿಲ್ಲ. ತಾನು ಶಾಲೆ ಬಿಟ್ಟ ದಿನ ಪುಸ್ತಕದ ಚೀಲವನ್ನು ನನ್ನ ಹೆಗಲಿಗೆ ಹಾಕಿದ್ದನ್ನು ಹೇಳಿದನು. ನನಗೆ ಅದು ನೆನಪೇ ಇರಲಿಲ್ಲ. ಅವನಿಗೆ ನನ್ನ ಮೇಲೆ ಇದ್ದದ್ದು ಆ ಚೀಲದ ಭಾರವೇ ಹೊರತು ಎರಡು ಎಕರೆಯಲ್ಲವೆಂದು ಆಗ ತಿಳಿಯಿತು. 49ನೆಯ ಕಲಮಿನಲ್ಲಿ ಅದಕ್ಕೆ ಉತ್ತರವಿಲ್ಲ.

ಮೂರು ತಿಂಗಳ ಬಳಿಕ ಲೋಕ್ ಅದಾಲತ್ತಿನಲ್ಲಿ ರಾಜಿಯಾಯಿತು. ಅಣ್ಣನಿಗೆ ನಾಲ್ಕು ಎಕರೆ, ನನಗೆ ಎರಡು. ಲೋಕ್ ಅದಾಲತ್ತಿನ ತೀರ್ಪಿಗೆ ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟು ಶುಲ್ಕವೂ ಹಿಂದಿರುಗುತ್ತದೆ. ಶುಲ್ಕ ಬಂದಿತು; ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಬಂದ ನಾಲ್ಕು ವರ್ಷದ ಭಾನುವಾರಗಳು ಬರುವುದಿಲ್ಲ. ಎಲ್ಲವೂ ಮೊದಲಿನಂತಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಮಾತುಗಳ ಬಳಿ ಇಬ್ಬರೂ ಈಗಲೂ ಸುತ್ತಿ ಹೋಗುತ್ತೇವೆ.

ಆದರೆ ತಿಂಗಳಿಗೊಂದು ಶನಿವಾರ ಎರಡೂ ಮನೆಯವರು ಅಣ್ಣನ ಮನೆಯಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತೇವೆ. ಅಣ್ಣನಿಗೆ ಕಣ್ಣು ಮಂಜಾಗಿದೆ, ಓದು ಮೊದಲೇ ಕಡಿಮೆ. ತಾಯಿಯ ಸತ್ಯವೇದವನ್ನು ಮಗಳು ಹೊತ್ತುಕೊಂಡು ಹೋಗುತ್ತಾಳೆ. ಅವಳು ಓದುವಾಗ ಅವನು ಕಣ್ಣು ಮುಚ್ಚಿ ಗೋಡೆಗೆ ಒರಗಿರುತ್ತಾನೆ. ನಿದ್ದೆ ಹೋದನೆಂದು ನಾವು ತಿಳಿಯುವಷ್ಟರಲ್ಲಿ ಕೈಯೆತ್ತಿ ತಡೆಯುತ್ತಾನೆ.

“ಅದನ್ನ ಇನ್ನೊಂದು ಸಲ ಓದವ್ವ” ಎನ್ನುತ್ತಾನೆ. ಅವಳು ಓದುತ್ತಾಳೆ.